ಸೇರಿಸಿ ಬರೆದ ಹತ್ತು ತಿಂಗಳು

ಮೊನ್ನೆ ಶಾಲೆಯ ಬೀರು ತೆಗೆದು ಹಳೆಯ ದಾಖಲಾತಿ ಪುಸ್ತಕವನ್ನು ಈಚೆಗೆಳೆದಾಗ ಒಣಗಿದ ಬೇವಿನೆಲೆಯ ವಾಸನೆ ಮೂಗಿಗೆ ಬಡಿಯಿತು. ಹುಳ ಹಿಡಿಯದಿರಲಿ ಎಂದು ಪುಟಗಳ ನಡುವೆ ಎಲೆ ಇಡುತ್ತಿದ್ದವರು ನಮ್ಮ ಹೆಡ್‌ಮಾಸ್ಟರು. ಅವರು ತೀರಿಕೊಂಡು ಎರಡು ವರ್ಷವಾಯಿತು... ಎಲೆಗಳೆಲ್ಲ ಪುಡಿಯಾಗಿದ್ದವು. ಅವರ ಕುರ್ಚಿಯಲ್ಲಿ ಈಗ ನಾನೇ ಕೂರುತ್ತೇನೆ. ಆದರೂ ಆ ಪುಸ್ತಕ ಮುಟ್ಟಲು ನನಗೆ ಇವತ್ತಿಗೂ ಭಯ.

ಕುದೂರಿನ ಆಚೆಯ ಈ ಶಾಲೆಗೆ ನಾನು ಹೊಸದಾಗಿ ಬಂದಾಗ ಅವರು ಮೊದಲು ಕಲಿಸಿದ್ದೇ ಹುಟ್ಟಿದ ದಿನ ಬರೆಯುವುದನ್ನು. ಈ ಊರಿನಲ್ಲಿ ಅರ್ಧಕ್ಕರ್ಧ ಜನ ಜೂನ್ ಒಂದಕ್ಕೆ ಹುಟ್ಟಿದವರು. "ದೇವ್ರು ಯಾವಾಗ ಬೇಕಾದ್ರೂ ಹುಟ್ಟಿಸ್ಲಿ ಟೀಚರಮ್ಮ, ಇಸ್ಕೂಲಿಗೆ ಹುಟ್ಟೋದು ಜೂನ್ ಒಂದಕ್ಕೇ" ಎಂದು ಹೊಟ್ಟೆ ಕುಣಿಸಿ ನಗುತ್ತಿದ್ದರು. ಮಗು ಚೂಟಿಯಾಗಿದ್ದರೆ, ಮನೆಯಲ್ಲಿ ನೋಡಿಕೊಳ್ಳುವವರು ಇಲ್ಲದಿದ್ದರೆ, ವಯಸ್ಸು ಒಂದಿಷ್ಟು ಏರಿಸಿ ಸೇರಿಸಿಕೊಳ್ಳುವುದು ಅವರ ಪದ್ಧತಿ. ಯಾರಿಗೂ ಅದರಿಂದ ಕೆಡುಕಾಗಿರಲಿಲ್ಲ. ನಾನೂ ಅದನ್ನು ಪುಣ್ಯದ ಕೆಲಸವೆಂದೇ ತಿಳಿದಿದ್ದೆ.

ಹಾಗೆ ಬಂದವಳು ಒಬ್ಬ ಗಾರ್ಮೆಂಟ್ಸ್ ಕೆಲಸದ ಹೆಂಗಸು, ಮಗಳ ಕೈ ಹಿಡಿದುಕೊಂಡು. "ಒಸಿ ದೊಡ್ ಮನ್ಸು ಮಾಡಿ ಸಾ, ಕಂಪ್ನಿ ಬಸ್ಸು ಬೆಳಿಗ್ಗೇನೇ ಬತ್ತದೆ, ಮಗೀನ ಎಲ್ಲಿ ಬುಡ್ಲಿ?" ಎಂದಳು. ಮಗು ಹುಟ್ಟಿದ್ದು ಅಜ್ಜಿ ಮನೆಯಲ್ಲಿ, ಜನನ ನೋಂದಣಿ ಇರಲಿಲ್ಲ. ಚುಚ್ಚುಮದ್ದಿನ ಕಾರ್ಡೊಂದನ್ನು ತಂದಿದ್ದಳು. ಅದನ್ನು ಓದಿದವಳು ನಾನೇ. ಹೆಡ್‌ಮಾಸ್ಟರು ಬೆರಳೆಣಿಸಿ, ಹತ್ತು ತಿಂಗಳು ಹಿಂದಿನ ಜೂನ್ ಒಂದು ಎಂದರು. ನಾನು ಬರೆದೆ, ಅವರು ಸಹಿ ಹಾಕಿದರು. ಮಗು ಅಷ್ಟರಲ್ಲಿ ಮೇಜಿನ ಮೇಲಿದ್ದ ಸೀಮೆಸುಣ್ಣ ಕಚ್ಚಿ ನೋಡುತ್ತಿತ್ತು.

ಆ ಹುಡುಗಿ ಏಳನೇ ತರಗತಿಗೆ ಬಂದ ವರ್ಷ, ಬಸ್‌ಸ್ಟಾಪಿನ ಎದುರಿನ ರಾಗಿ ಮಿಲ್ಲಿನವನು, ಹಿಟ್ಟು ಮಾಡಿಸಲು ಹೋದವಳನ್ನು... ಇಷ್ಟೇ ಬರೆಯಬಲ್ಲೆ. ಮಾರನೆಯ ದಿನ ಅವಳು ಬಂದು ಹೇಳಿದ್ದು ಹೆಡ್‌ಮಾಸ್ಟರಿಗೆ. ಊರಿನವರು ನಮ್ಮ ನಮ್ಮಲ್ಲೇ ಮುಗಿಸೋಣ ಎಂದರೂ ಕೇಳದೆ ಅವರು ಪೊಲೀಸರಿಗೆ ಫೋನ್ ಮಾಡಿದರು. ಅವನನ್ನು ಹಿಡಿದುಕೊಂಡು ಹೋದರು, ಜಾಮೀನೂ ಸಿಗಲಿಲ್ಲ. ಉಪ್ಪು ತಿಂದವನು ನೀರು ಕುಡಿಯುತ್ತಾನೆ ಬಿಡು ಎಂದು ನಾನು ನಿರಾಳವಾಗಿದ್ದೆ.

ಆಮೇಲೆ ಸರ್ಕಾರಿ ವಕೀಲರು ನಮ್ಮ ದಾಖಲಾತಿ ಪುಸ್ತಕ ತರಿಸಿಕೊಂಡರು. ಮಗುವಿಗೆ ಹನ್ನೆರಡು ತುಂಬಿರದಿದ್ದರೆ ಇಂಥ ಅಪರಾಧಕ್ಕೆ ಐದು ವರ್ಷಕ್ಕಿಂತ ಕಡಿಮೆ ಕೊಡುವಂತಿಲ್ಲ, ತುಂಬಿದ್ದರೆ ಮೂರಕ್ಕೂ ಇಳಿಸಬಹುದು ಎಂದು ಅವರು ಬಿಡಿಸಿ ಹೇಳಿದರು. ಹುಡುಗಿಗೆ ನಿಜಕ್ಕೂ ಹನ್ನೊಂದು ದಾಟಿ ಕೆಲವೇ ತಿಂಗಳು. ನಮ್ಮ ಪುಸ್ತಕದಲ್ಲಿ ಮಾತ್ರ ಹನ್ನೆರಡು ತುಂಬಿಹೋಗಿತ್ತು. ಆ ಕಾರ್ಡು ಮನೆ ಬದಲಿಸುವಾಗ ಕಳೆದುಹೋಗಿತ್ತು, ತಾಯಿಯ ಬಾಯಿಮಾತೊಂದೇ ಸಾಲದು ಎಂದರು ವಕೀಲರು.

ಅವತ್ತು ಸಂಜೆ ಹೆಡ್‌ಮಾಸ್ಟರು ಬೋರ್ಡಿನ ಮೇಲೆ ಲೆಕ್ಕ ಹಾಕಿದ್ದು ಇನ್ನೂ ಕಣ್ಣ ಮುಂದಿದೆ. "ಮೂರು ವರ್ಷ ಅಂದ್ರೆ ಇವ್ಳು ಹತ್ತನೇ ಕ್ಲಾಸಲ್ಲಿರುವಾಗ್ಲೇ ಅವ್ನು ಈಚೆ ಬತ್ತಾನೆ. ಹೈಸ್ಕೂಲ್ ಬಸ್ಸು ನಿಲ್ಲೋದೇ ಅವ್ನ ಮಿಲ್ ಮುಂದೆ. ಐದಾದ್ರೆ ಅಷ್ಟೊತ್ಗೆ ಪಿಯುಸಿಗೆ ಅಂತ ಬೇರೆ ಊರಿಗೆ ಹೋಗಿರ್ತಾಳೆ." ಆಮೇಲೆ ನನ್ನ ಕಡೆ ತಿರುಗಿದರು. "ನಾನಂತೂ ಹೇಳ್ತೀನಿ, ಸುಳ್ಳು ಬರ್ಸಿದ್ದೆ ಅಂತ. ಕಾರ್ಡ್ ನೋಡ್ದೋರು ನೀವೂ ಇದೀರಿ. ಬಂದು ಒಂದ್ ಮಾತು ಹೇಳ್ತೀರಾ?"

ಬರವಣಿಗೆ ನನ್ನದು. ಕೆಲಸ ಹೋಗುತ್ತದೆ ಎಂಬ ಭಯ. ದಿನವೂ ಬಸ್‌ಸ್ಟಾಪಿನಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದ ಅವನ ಅಣ್ಣತಮ್ಮಂದಿರ ಭಯ ಬೇರೆ. "ಕಾರ್ಡ್ ನೋಡಿದ ನೆನಪಿಲ್ಲ ಸಾರ್" ಎಂದೆ. ಅವರು ಬೈಯಲಿಲ್ಲ. ಬೋರ್ಡು ಒರೆಸಿ ಬಾಗಿಲು ಹಾಕಿದರು.

ರಾಮನಗರಕ್ಕೆ ಅವರು ಒಬ್ಬರೇ ಹೋಗಿ ಸಾಕ್ಷಿ ಹೇಳಿ ಬಂದರು. ಬರೆದವರು ಯಾರು ಎಂದು ಕೇಳಿದ್ದಕ್ಕೆ, ಬರೆಸಿದವನು ನಾನು, ಹೊಣೆ ನನ್ನದು ಎಂದರಂತೆ. ಶಿಕ್ಷೆ ಹೇಳುವ ದಿನ ಮನಸ್ಸು ತಡೆಯದೆ ನಾನೂ ಜೊತೆಗೆ ಹೋಗಿ ಹೊರಗಿನ ಬೆಂಚಿನಲ್ಲಿ ಕೂತಿದ್ದೆ. ತಪ್ಪಿತಸ್ಥ ಎಂದು ಆಗಲೇ ತೀರ್ಪಾಗಿತ್ತು. ಉಳಿದಿದ್ದು ಎಷ್ಟು ವರ್ಷ ಎಂಬುದೊಂದೇ. ಸರ್ಕಾರಿ ವಕೀಲರು ಹೊರಬಂದು ಹೇಳಿದರು: ವಯಸ್ಸಾದ ತಾಯಿ, ಇಬ್ಬರು ಹೆಣ್ಣುಮಕ್ಕಳು, ಮೊದಲ ತಪ್ಪು ಎಂದು ಅವನ ಕಡೆಯವರು ಬೇಡಿಕೊಂಡರಂತೆ. ಸಹಿ ಮಾಡಿದವನೇ ಈಗ ಅದು ಸುಳ್ಳು ಎಂದರೆ, ಬೇರೆ ಆಧಾರವಿಲ್ಲದೆ ನಂಬುವುದು ಹೇಗೆಂದು ನ್ಯಾಯಾಧೀಶರು ಪುಸ್ತಕದ ವಯಸ್ಸನ್ನೇ ಹಿಡಿದರಂತೆ. ಮೂರು ವರ್ಷ. ಜೈಲಿನಲ್ಲಿ ಕಳೆದದ್ದೂ ಅದರಲ್ಲೇ ಸೇರುತ್ತದೆ.

"ಇನ್ನೊಬ್ರು ಯಾರಾದ್ರೂ ಹೇಳಿದ್ರೆ..." ಎಂದು ವಕೀಲರು ಮಾತು ನಿಲ್ಲಿಸಿದರು. ಹೆಡ್‌ಮಾಸ್ಟರು ನನ್ನ ಮುಖ ನೋಡಲಿಲ್ಲ. "ಯಾರೂ ಇರ್ಲಿಲ್ಲ ಬುಡಿ" ಎಂದರು. ಆ ಮಾತು ನನ್ನನ್ನು ಉಳಿಸಿತು, ಅಂದಿನಿಂದ ಸುಡುತ್ತಲೂ ಇದೆ.

ಅವರ ಲೆಕ್ಕ ತಪ್ಪಲಿಲ್ಲ. ಹುಡುಗಿ ಹತ್ತನೇ ತರಗತಿಯಲ್ಲಿದ್ದಾಗ ಮಿಲ್ಲಿನ ಬಾಗಿಲು ತೆರೆಯಿತು. ಮರುವಾರದಿಂದಲೇ ಅವಳು ಬಸ್ಸು ಹತ್ತುವುದನ್ನು ನಿಲ್ಲಿಸಿದಳು. ಆ ಹೊತ್ತಿಗೆ ನಿವೃತ್ತರಾಗಿದ್ದ ಹೆಡ್‌ಮಾಸ್ಟರು ಅವಳ ಮನೆಗೆ ಎಷ್ಟು ಸಲ ಅಲೆದರೋ... ತಾವೇ ಕರೆದುಕೊಂಡು ಹೋಗಿ ಬರುವುದಾಗಿ ಹೇಳಿದರೂ ಅವಳು ಹೊಸಿಲು ದಾಟಲಿಲ್ಲ.

ಮೊನ್ನೆ ಬಂದವಳು ಅವಳೇ. ವ್ಯಾಸಂಗ ಪ್ರಮಾಣಪತ್ರ ಬೇಕಿತ್ತು. ಪುಸ್ತಕ ತೆಗೆದೆ. ನನ್ನದೇ ದುಂಡನೆಯ ಅಕ್ಷರ. ನಿಜ ಹೇಳಬೇಕೆಂದು ನಾಲಿಗೆಯವರೆಗೆ ಬಂತು.

"ಆ ಡೇಟೇ ಬರೀರಿ ಮಿಸ್" ಎಂದಳು ಅವಳೇ. "ಅಮ್ಮ ಹೇಳವ್ಳೆ, ನಂಗೆ ಹದ್ನೇಳೇ ಅಂತೆ. ಗಾರ್ಮೆಂಟ್ಸಲ್ಲಿ ಹದ್ನೆಂಟು ತುಂಬಿರ್ಬೇಕು ಅಂತಾರೆ. ಅಮ್ಮಂಗೆ ಈಗ ಕೈಲಾಗಲ್ಲ."

ಬರೆದುಕೊಟ್ಟೆ. ಈ ಸಲ ಬರೆಸಿದ್ದು ನಾನು ಎನ್ನುವವರು ಯಾರೂ ಇರಲಿಲ್ಲ, ಸಹಿಯೂ ನನ್ನದೇ ಆಯಿತು. ಅವಳು ಕಾಗದ ಮಡಚಿಕೊಳ್ಳುವಾಗ, ಕಂಪನಿ ಬಸ್ಸು ಎಲ್ಲಿ ನಿಲ್ಲುತ್ತದೆ ಎಂದು ಕೇಳಿದೆ.

"ಇನ್ನೆಲ್ಲಿ ಮಿಸ್, ಮಿಲ್ ಮುಂದೇನೇ" ಎಂದಳು.