ಪರಸ್ಥಾನಕ್ಕಿಟ್ಟ ಚೀಲ

ಎಪ್ಪತ್ತರ ದಶಕದ ಕೊನೆಯ ಮಾತು. ಇಳಕಲ್ಲಿನಿಂದ ಬಾದಾಮಿಗೆ ಬೆಳಿಗ್ಗೆ ನೇರ ಬಸ್ಸಿರಲಿಲ್ಲ. ಆರು ಗಂಟೆಯ ಕೆಂಪು ಬಸ್ಸು ಹಿಡಿದು ಹುನಗುಂದ, ಅಮೀನಗಡ, ಕಮತಗಿ ದಾಟಿ ಬಾಗಲಕೋಟೆಗೆ ಹೋಗಬೇಕು. ಅಲ್ಲಿ ಸ್ಟೇಷನ್ನಿಗೆ ಓಡಿ ಪ್ಯಾಸೆಂಜರ್ ಗಾಡಿ ಹಿಡಿಯಬೇಕು. ಬಾದಾಮಿ ಸ್ಟೇಷನ್ನಿನಲ್ಲಿ ಇಳಿದ ಮೇಲೂ ಊರು ಮೂರು ಮೈಲಿ ದೂರ, ಟಾಂಗಾ ಹತ್ತಬೇಕು. ಬಸ್ಸಿಗೂ ರೈಲಿಗೂ ನಡುವೆ ಇಪ್ಪತ್ತೇ ನಿಮಿಷ. ಅಮೀನಗಡದಲ್ಲಿ ಡ್ರೈವರ್ ಚಹಾಕ್ಕೆ ಇಳಿದನೆಂದರೆ ಅದರಲ್ಲಿ ಹತ್ತು ನಿಮಿಷ ಅವನ ಹೊಟ್ಟೆಗೆ ಹೋಯಿತು ಎಂದೇ ಲೆಕ್ಕ.

ನನಗೆ ಬಾದಾಮಿಯ ಒಂದು ಕಚೇರಿಯಿಂದ ಟೈಪಿಸ್ಟ್ ನೌಕರಿಯ ಸಂದರ್ಶನಕ್ಕೆ ಕರೆ ಬಂದಿತ್ತು. ಶುಕ್ರವಾರ ಹನ್ನೊಂದು ಗಂಟೆಗೆ ಹಾಜರಿರಬೇಕು, ಮೂಲ ಪ್ರಮಾಣಪತ್ರಗಳನ್ನು ತರಬೇಕು ಎಂದು ಬರೆದಿದ್ದರು. ನಮ್ಮದು ನೇಕಾರರ ಮನೆ. ಮನೆಯಲ್ಲಿ ಮಗ್ಗದ ಸದ್ದು ಬಿಟ್ಟು ಬೇರೆ ಯಂತ್ರದ ಸದ್ದು ಕಲಿತವಳು ನಾನೊಬ್ಬಳೇ. ಆ ನೌಕರಿ ನನಗೆ ಬೇಕೇ ಬೇಕಿತ್ತು. ಸಿಗದಿದ್ದರೆ ಬರುವ ವೈಶಾಖದಲ್ಲಿ ಮದುವೆ ಎಂದು ಅಪ್ಪ ಆಗಲೇ ಹೇಳಿಬಿಟ್ಟಿದ್ದ.

ಶುಕ್ರವಾರ ಎಂದದ್ದೇ ತಡ, ಅವ್ವ ತಕರಾರು ತೆಗೆದಳು. ಶುಕ್ರವಾರ ಮನೆಯ ಹೆಣ್ಣುಮಗಳು ಊರು ಬಿಟ್ಟು ಹೊರಡಬಾರದಂತೆ. ಅದಕ್ಕೆ ಉಪಾಯವೂ ಅವಳ ಹತ್ತಿರವೇ ಇತ್ತು: ಪರಸ್ಥಾನ. ಒಳ್ಳೆಯ ದಿನ ನೋಡಿ ನಮ್ಮ ಗಂಟುಮೂಟೆಯನ್ನು ಬೇರೆಯವರ ಮನೆಯಲ್ಲಿಟ್ಟು ಬಂದರೆ ಪ್ರಯಾಣ ಅಂದೇ ಶುರುವಾದಂತೆ. ಮರುದಿನ ಹೊರಟರೂ ದೋಷವಿಲ್ಲ.

"ಚೀಲ ಹೊರಗ ಹೋತಂದ್ರ ನೀನೂ ಹ್ವಾದಂಗ ಬಿಡು" ಎಂದು ಗುರುವಾರ ಸಂಜೆ ನನ್ನ ಚೀಲವನ್ನು ನಾವು ಕಾಕು ಎಂದು ಕರೆಯುತ್ತಿದ್ದ ಎದುರಿನ ಹೆಂಗಸಿನ ಮನೆಯಲ್ಲಿಟ್ಟು ಬಂದಳು. ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಟೈಪಿಂಗ್ ಸರ್ಟಿಫಿಕೇಟು ಎಲ್ಲ ಅದರೊಳಗೇ ಇದ್ದವು. ಕರೆಪತ್ರವನ್ನು ಮಾತ್ರ ಮತ್ತೆ ಮತ್ತೆ ಓದುವ ಆಸೆಗೆ ನನ್ನ ಹತ್ತಿರ ಇಟ್ಟುಕೊಂಡಿದ್ದೆ.

ಬೆಳಿಗ್ಗೆ ಐದೂವರೆಗೆ ಚೀಲ ತರಲು ಹೋದರೆ ಕಾಕುವಿನ ಬಾಗಿಲಿಗೆ ಅಂಗೈಯಗಲದ ಬೀಗ. ಪಕ್ಕದ ಹಳ್ಳಿಯಲ್ಲಿ ಮಗಳಿಗೆ ಹೆರಿಗೆ ನೋವು ಬಂತೆಂದು ನಸುಕಿನಲ್ಲೇ ಗಾಡಿ ಕಟ್ಟಿಸಿಕೊಂಡು ಹೋಗಿದ್ದಳು. ನಮ್ಮ ಚೀಲದ ನೆನಪು ಆಗ ಯಾರಿಗಿದ್ದೀತು? ಅಪ್ಪ ನೂಲು ತರಲು ಸೊಲ್ಲಾಪುರಕ್ಕೆ ಹೋಗಿದ್ದ. ಬೀದಿಯಲ್ಲೇ ನಿಂತು ಅವ್ವನ ಮೇಲೆ ಕೂಗಾಡಿದೆ. ಅವಳು ಆಗಲೇ ಸೆರಗು ಸೊಂಟಕ್ಕೆ ಸಿಕ್ಕಿಸುತ್ತಿದ್ದಳು.

"ನೀ ಬಸ್ ಹತ್ತು. ಹೆಸರು ಕೂಗಿದಾಗ ಮುಖಾ ತೋರಸು. ನಾ ಹಳ್ಳಿಗೆ ಹೋಗಿ ಕೀಲಿಕೈ ತಗೊಂಡು, ಚೀಲ ತರ್ತೇನಿ" ಎಂದಳು.

"ನೀ? ಬಾದಾಮಿಗೆ? ಒಬ್ಬಾಕೀನ ಹುನಗುಂದ ದಾಟೀಯೇನು ಯಾವಾಗರೆ?"

"ಬಾಯಿ ಐತಲ್ಲ, ಕೇಳಕೋತ ಬರ್ತೇನಿ."

ಕಚೇರಿಯ ಹೆಸರನ್ನು ನನ್ನಿಂದ ಮೂರು ಸಲ ಹೇಳಿಸಿಕೊಂಡಳು. ಓದಲು ಬಾರದವಳು, ಬಸ್ಸಿನ ಬೋರ್ಡು ಅವಳಿಗೆ ಬರೀ ಬಣ್ಣ. ದಿನವಿಡೀ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುತ್ತ ಕೂರುವವಳು ಎರಡು ಮೂರು ಗಾಡಿ ಬದಲಿಸಿ ಬರುತ್ತಾಳೆಂದು ನಾನು ಒಂದು ಗಳಿಗೆಯೂ ನಂಬಲಿಲ್ಲ. ಆದರೂ ಬಸ್ಸು ಹತ್ತಿದೆ.

ಅಮೀನಗಡದಲ್ಲಿ ಡ್ರೈವರ್ ಚಹಾವನ್ನೂ ಕುಡಿದ, ಮೇಲೊಂದು ಎಲೆಯಡಿಕೆಯನ್ನೂ ಹಾಕಿಕೊಂಡ. ಬಾಗಲಕೋಟೆಯಲ್ಲಿ ಸೀರೆಯ ನೆರಿಗೆ ಎತ್ತಿ ಹಿಡಿದು, ಮಾನ ಮರ್ಯಾದೆ ಬಿಟ್ಟು ಸ್ಟೇಷನ್ನಿಗೆ ಓಡಿದೆ. ಪ್ಲಾಟ್‌ಫಾರ್ಮಿಗೆ ಬಂದರೆ ಗಾಡಿಯೇ ಬಂದಿರಲಿಲ್ಲ. ಮುಕ್ಕಾಲು ಗಂಟೆ ತಡವಾಗಿ ಬಂದ ಅದು, ಮುಂದೆ ಕ್ರಾಸಿಂಗಿಗೆಂದು ಮತ್ತೆ ನಿಂತಿತು. ಬಾದಾಮಿಯ ಕಚೇರಿ ಮುಟ್ಟಿದಾಗ ಹನ್ನೊಂದೂಕಾಲು. ಪುಣ್ಯಕ್ಕೆ ಸಾಹೇಬರು ಆಗಷ್ಟೇ ಬಂದಿದ್ದರು.

ಒಳಗಿನ ಬೆಂಚಿನಲ್ಲಿ ಬಾಗಿಲಿಗೆ ಬೆನ್ನು ಮಾಡಿ ಕೂತೆ. ನನ್ನ ಹೆಸರು ಕೂಗಿದಾಗ ಒಂದು ಗಂಟೆ ಹೊಡೆಯುತ್ತಿತ್ತು. ಟೈಪು ಮಾಡಿಸಿದರು, ಚೆನ್ನಾಗಿಯೇ ಮಾಡಿದೆ. ಸಾಹೇಬರು ಹಾಳೆ ನೋಡಿ ತಲೆಯಾಡಿಸಿ, ಮೂಲ ಪತ್ರ ಎಲ್ಲಿ ಎಂದರು. ಮನೆಯಲ್ಲಿ ಉಳಿದವು ಎಂದೆ. ಪರಸ್ಥಾನದ ಕತೆ ಹೇಳಲು ನಾಚಿಕೆಯಾಯಿತು.

"ಯಾರರೆ ತರಾವ್ರು ಅದಾರೇನು? ಇದ್ರ ಹೇಳ್ರಿ, ಸಂಜಿ ಐದರ ತನಕ ನಿಮ್ಮ ಹೆಸರು ಇಟಗೋತೇವಿ."

ಒಳ್ಳೆಯ ಮನುಷ್ಯ. ನಾನು ಸ್ವಲ್ಪವೂ ಯೋಚಿಸಲಿಲ್ಲ. "ಇಲ್ರಿ ಸರ್, ಯಾರೂ ಬರೂದಿಲ್ಲ" ಎಂದೆ. ಪತ್ರ ಹಾಜರುಪಡಿಸಿಲ್ಲ, ತರುವವರೂ ಇಲ್ಲ ಎಂದು ಅವರು ಬರೆದರು, ಅದರ ಕೆಳಗೆ ನಾನು ಸಹಿ ಹಾಕಿದೆ.

ಹೊರಗೆ ಬಂದರೆ ಬೇವಿನ ಮರದ ಕೆಳಗೆ ಅವ್ವ, ತೊಡೆಯ ಮೇಲೆ ನನ್ನ ಚೀಲ.

"ಹನ್ನೆರಡಕ್ಕ ಬಂದೇನಿ" ಎಂದಳು, ಮುಖದ ತುಂಬ ಹಿಗ್ಗು. "ಬಾಗಲಕೋಟಿಗೆ ಯಾಕ ಹೋಗ್ತಿ ಯವ್ವಾ, ಕಮತಗ್ಯಾಗ ಇಳದು ಗುಳೇದಗುಡ್ಡದ ಬಸ್ ಹಿಡಿ, ಅಲ್ಲಿಂದ ಬಾದಾಮಿ ಬಸ್ ಅದಾವು ಅಂತ ಕಂಡಕ್ಟರ್ ಹೇಳಿದ. ಇಲ್ಲಿ ಸಿಪಾಯಿ ಒಳಗ ಬಿಡಲಿಲ್ಲ. ನನ್ನ ಮಗಳದಾಳ ಅಂದೆ, ಹೊರಗ ಬರ್ತಾರ ಕುಂಡ್ರು ಅಂದ. ಕುಂತೆ."

ಚೀಲ ಕಿತ್ತುಕೊಂಡು ಒಳಗೆ ಓಡಿದೆ. ಸಾಹೇಬರು ಊಟಕ್ಕೆ ಎದ್ದಾಗಿತ್ತು. ಗುಮಾಸ್ತರು ಅಂಕಪಟ್ಟಿಯನ್ನು ಮುಟ್ಟಲೂ ಇಲ್ಲ. "ಬರೂದಿಲ್ಲಂತ ನೀವ ಸಹಿ ಮಾಡೀರಲ್ರಿ" ಎಂದರು. ಮೂರು ಗಂಟೆಗೆ ಸಾಹೇಬರನ್ನೂ ಕಂಡೆ. ಅವರಿಗೆ ಕನಿಕರವಾಯಿತು, ಆದರೆ ಅಷ್ಟರಲ್ಲಿ ಪಟ್ಟಿ ಟಪಾಲಿಗೆ ಹೋಗಿತ್ತು.

ಮತ್ತೆ ಮರದ ಕೆಳಗೆ ಬಂದೆ. ಅವ್ವ ನನ್ನ ಮುಖ ನೋಡಿದಳು. ಹಿಗ್ಗು ಇಳಿದು ಹೋಯಿತು.

"ತಡಾ ಆತೇನು ನಂದು?"

ನಿನ್ನದಲ್ಲ, ನೀನು ಬರುವುದಿಲ್ಲವೆಂದು ನಾನೇ ಹೇಳಿ ಸಹಿ ಹಾಕಿದೆ ಎನ್ನಬೇಕಿತ್ತು.

"ಹೂಂ, ತಡಾ ಆತು" ಎಂದೆ.

ವೈಶಾಖದಲ್ಲಿ ನನ್ನ ಮದುವೆಯಾಯಿತು. ಬೇರೆ ನೌಕರಿಯೂ ಮುಂದೆ ಸಿಕ್ಕಿತು, ಆ ದುಃಖ ಈಗಿಲ್ಲ. ಆದರೆ ಅವ್ವ ಬದುಕಿರುವತನಕ ಬಂದ ನೆಂಟರಿಗೆಲ್ಲ ಹೇಳುತ್ತಿದ್ದಳು: "ನಾ ಒಂದು ತಾಸು ಮೊದಲ ಮುಟ್ಟಿದ್ರ ಈಕಿಗೆ ಬಾದಾಮ್ಯಾಗ ನೌಕರಿ ಆಗ್ತಿತ್ತು. ನನ್ನಿಂದ ಕೆಟ್ಟಿತು." ಅವಳು ಹಾಗೆ ಹೇಳುವಾಗ ಎಷ್ಟೋ ಸಲ ನಾನು ಅವಳ ಪಕ್ಕದಲ್ಲೇ ಕೂತಿರುತ್ತಿದ್ದೆ.