ಬಾವಿಕಟ್ಟೆಯ ಮೇಲಿನ ಗೋಲ್‌ಕೀಪರ್

ಒಂದು ಭಾನುವಾರ ಸಂಜೆ ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ನಾನು ನೆರೆಮನೆಯ ರೈತರೊಬ್ಬರನ್ನು ಬಾವಿಗೆ ತಳ್ಳಿದೆ.

ತಮಿಳು ಸೀಮೆಯ ತೊಂಡಾಮುತ್ತೂರಿನಲ್ಲಿ ಅರಿಸಿನ ಬೆಳೆಯುತ್ತಿದ್ದ ಅವರ ಮನೆಮಾತು ಕನ್ನಡ, ಅದರಲ್ಲಿ ಅರ್ಧ ತಮಿಳು. ಢಾಕಾದಲ್ಲಿ ನಮ್ಮ ದೇಶದ ಫುಟ್‌ಬಾಲ್ ತಂಡ ಪೆನಾಲ್ಟಿಯಲ್ಲಿ ಗೆದ್ದು ಎರಡು ವರ್ಷವಾಗಿದ್ದರೂ, ಸಿಕ್ಕವರಿಗೆಲ್ಲ ಲುಂಗಿ ಎತ್ತಿ ಕಟ್ಟಿ, ಕೈ ಅಗಲಿಸಿ ಗೋಲ್‌ಕೀಪರನ ನೆಗೆತ ತೋರಿಸುತ್ತಿದ್ದರು. ಅದು ಚಿಕ್ಕ ಪಂದ್ಯವಲ್ಲವೇ ಎಂದರೆ, "ಗೆಲುವು ಗೆಲುವು ತಾನ್ ಸಾರ್" ಎನ್ನುವರು.

ಅಂದು ಬಾವಿಕಟ್ಟೆ ಹತ್ತಿ, ತೋಳು ಚಾಚಿ, "ತಳ್ಳಿ ಸಾರ್, ತಳ್ಳಿ" ಎಂದರು. ತಮಿಳಿನಲ್ಲಿ ಅದಕ್ಕೆ ದೂರ ನಿಲ್ಲಿ ಎಂದರ್ಥ. ಮೈಸೂರಿನಿಂದ ಬಂದು ತಿಂಗಳಷ್ಟೇ ಆಗಿದ್ದ ನಾನು, ಎಂ.ಎ. ಓದಿದವನು, ಚೆಂಡಿನ ಪಾತ್ರ ನನ್ನದೆಂದು ತಿಳಿದು ತಳ್ಳಿದೆ.

ಕೆಳಗೆ ದೊಡ್ಡ ಸದ್ದಾಯಿತು. ಆಮೇಲೆ ಏನೂ ಕೇಳಿಸಲಿಲ್ಲ. ನಾನು ಕಟ್ಟೆಯ ಮೇಲೆ ಬಗ್ಗಿ ಕೂಗಿದೆ. ಕೊನೆಗೆ ಆಳದಿಂದ ಧ್ವನಿ ಬಂತು: "ಇನ್ನೊಂದು ಬಾಲು ಬಾಕಿ ಇದೆ ಸಾರ್. ಹಗ್ಗ ಬಿಡಿ."

ಅವರ ಕಾಲು ಮುರಿದಿತ್ತು. ನನಗೆ ಕಣ್ಣು ಮುಚ್ಚಿದರೆ ಅದೇ ಸದ್ದು. ನಲವತ್ತನೆಯ ದಿನ ಅವರು ಕುಂಟುತ್ತ ಟೀ ಅಂಗಡಿಗೆ ಬಂದು, ನನ್ನ ಎದುರೇ ಎಲ್ಲರಿಗೂ ಹೇಳಿದರು: "ಎಲ್ಲಾ ಬಾಲೂ ನಮ್ಮ ಕೀಪರ್ ತಡೆದ. ಒಂದೇ ಗೋಲಾಯ್ತು. ಅದು ಈ ಸಾರ್ ಹೊಡೆದದ್ದು."

ಅಂದು ರಾತ್ರಿ ನಾನು ಬೆಳಗಾಗುವವರೆಗೂ ನಿದ್ದೆ ಮಾಡಿದೆ.