ಊರು ಬಂತು, ಸೀಟು ಬದಲಿಸು

ಬೈಕಿನಲ್ಲಿ ಸಮುದ್ರಕ್ಕೆ ಹೋಗುವ ಯೋಚನೆ ನನ್ನದಲ್ಲ. ನನ್ನ ಗಂಡನದ್ದೂ ಅಲ್ಲ. ಅದು ಹೋಳಿಗೆಯದ್ದು. ಚಿಕ್ಕಬಳ್ಳಾಪುರದಲ್ಲಿ ನೆಂಟರೊಬ್ಬರ ಗೃಹಪ್ರವೇಶದ ಊಟಕ್ಕೆ ಕೂತಿದ್ದೆವು. ಎರಡನೇ ಹೋಳಿಗೆ ಎಲೆಗೆ ಬಿದ್ದ ಹೊತ್ತಿಗೆ ನಮ್ಮವರು ಇಡೀ ಪಂಕ್ತಿಗೆ ಕೇಳುವ ಹಾಗೆ ಹೇಳಿಬಿಟ್ಟರು: "ಈ ಬೆಳೆ ಮುಗೀಲಿ. ಇವಳನ್ನ ಬೈಕಲ್ಲಿ ಕೂರಿಸ್ಕೊಂಡು ಹೋಗಿ ಸಮುದ್ರ ತೋರಿಸ್ಕೊಂಡು ಬರ್ತೀನಿ."

ಪಂಕ್ತಿಯವರೆಲ್ಲ ನನ್ನ ಮುಖ ನೋಡಿದರು. ನಾನು ತುಪ್ಪ ಬಡಿಸುವವರ ಮುಖ ನೋಡಿದೆ. ಯಾಕೆಂದರೆ ನಮ್ಮವರು ಊರಾಚೆ ಬೈಕ್ ಓಡಿಸುವುದನ್ನು ಬಿಟ್ಟು ಆಗಲೇ ಎರಡು ವರ್ಷವಾಗಿತ್ತು. ಅದು ಗೊತ್ತಿದ್ದವಳು ನಾನೊಬ್ಬಳೇ.

ನಾವು ಶಿಡ್ಲಘಟ್ಟದ ಹತ್ತಿರ ರೇಷ್ಮೆ ಹುಳು ಸಾಕುವವರು. ಒಂದು ಸಲ ಗೂಡು ಮಾರಿಕೊಂಡು ಮಾರುಕಟ್ಟೆಯಿಂದ ವಾಪಸ್ಸು ಬರುವಾಗ ನಾಯಿಯೊಂದು ಅಡ್ಡ ಬಂದು ನಮ್ಮವರು ಬಿದ್ದರು. ಭುಜದ ಮೂಳೆ ಮುರಿಯಿತು. ಮೂಳೆಯೇನೋ ಕೂಡಿಕೊಂಡಿತು, ಧೈರ್ಯ ಕೂಡಿಕೊಳ್ಳಲಿಲ್ಲ. ವೇಗ ನಲವತ್ತು ದಾಟಿದರೆ ಅವರ ಕೈ ನಡುಗುತ್ತದೆ. ಹಾಗಾಗಿ ಊರೊಳಗೆ ಅವರು ಓಡಿಸುವುದು, ಊರ ಗಡಿ ದಾಟಿದ ಮೇಲೆ ನಾನು ಮುಂದಕ್ಕೆ ಬರುವುದು ಎಂದು ನಮ್ಮಿಬ್ಬರೊಳಗೇ ಒಂದು ಒಪ್ಪಂದವಾಯಿತು.

ನನಗೇನೂ ಅದು ಕಷ್ಟವಾಗಲಿಲ್ಲ. ಇಪ್ಪತ್ತು ವರ್ಷದಿಂದ ಮೊಪೆಡ್ಡಿನಲ್ಲಿ ಹಿಪ್ಪುನೇರಳೆ ಸೊಪ್ಪಿನ ಹೊರೆ ತಂದವಳು ನಾನು. ಹಿಂದಿನಿಂದ ನೋಡಿದರೆ ಗಾಡಿಯೂ ಕಾಣದು, ನಾನೂ ಕಾಣೆ. ಸೊಪ್ಪೇ ತಾನಾಗಿ ರಸ್ತೆಯಲ್ಲಿ ಹೋಗುತ್ತಿರುವಂತೆ ಇರುತ್ತಿತ್ತು. ಅದನ್ನು ಗಾಡಿ ಓಡಿಸುವುದು ಎಂದು ನಮ್ಮಲ್ಲಿ ಯಾರೂ ಅನ್ನುವುದಿಲ್ಲ. ಅದು ಸೊಪ್ಪು ತರುವುದು, ಅಷ್ಟೇ. ಗೇರ್ ಹಾಕುವುದನ್ನು ತೋಟದ ದಾರಿಯಲ್ಲಿ ಕಲಿತೆ, ಲೈಸೆನ್ಸನ್ನೂ ಸದ್ದಿಲ್ಲದೆ ಮಾಡಿಸಿಕೊಂಡೆ.

ಹೋಳಿಗೆ ಅರಗಿದ ಮೇಲೆ ನಮ್ಮವರಿಗೆ ಬುದ್ಧಿ ಬಂತು. ಆದರೆ ಆಡಿದ ಮಾತು ನೆಂಟರ ಫೋನುಗಳಲ್ಲೆಲ್ಲ ಓಡಾಡಿಯಾಗಿತ್ತು.

"ನೆಂಟರ ಊರು ಬಂದ್ರೆ ನಾನು ಮುಂದೆ ಬರ್ತೀನಿ, ಮಿಕ್ಕಿದ್ದೆಲ್ಲ ನೀನು ಓಡ್ಸು. ಯಾರ್ಗೂ ಗೊತ್ತಾಗ್ಬಾರ್ದು ಕಣೇ, ಮಾನ ಹೋಗುತ್ತೆ."

"ಯಾರ ಮಾನಾರೀ?"

"ನಮ್ಮಿಬ್ರದ್ದೂ."

ಮಾನ ಹಂಚಿಕೊಡುವುದರಲ್ಲಿ ನಮ್ಮವರು ಧಾರಾಳಿ. ಒಪ್ಪಿಕೊಂಡೆ. ಆದರೆ ನನಗೂ ಒಂದು ಆಸೆ ಇತ್ತು, ಅದು ಸಮುದ್ರದ್ದಲ್ಲ.

ನನ್ನ ತವರು ಗೌರಿಬಿದನೂರು ತಾಲ್ಲೂಕಿನ ಹಳ್ಳಿ. ಏಳನೇ ಕ್ಲಾಸಿನಲ್ಲಿದ್ದಾಗ ಅಣ್ಣನ ಸೈಕಲ್ಲಿನ ಬಾರಿನ ಕೆಳಗೆ ಕಾಲು ತೂರಿಸಿಕೊಂಡು, ಊರ ಹುಣಸೆಮರದ ತಿರುವಿನಿಂದ ಮನೆ ಬಾಗಿಲವರೆಗೆ ಬೀಳದೆ ಬಂದಿದ್ದೆ. ಜಗಲಿಯ ಮೇಲಿದ್ದ ಅಪ್ಪ ಬೈಯಲಿಲ್ಲ. ಎದ್ದು ಬಂದು ಸೈಕಲ್ಲಿಗೆ ಬೀಗ ಹಾಕಿ ಕೀಲಿಯನ್ನು ಉಡಿದಾರಕ್ಕೆ ಕಟ್ಟಿಕೊಂಡ. "ಬಿದ್ದು ಕೈಕಾಲು ಮುರ್ಕೊಂಡ್ರೆ ನಿನ್ನ ಯಾರಮ್ಮ ಮದ್ವೆ ಆಗ್ತಾರೆ?" ಅಂದ. ಮೂಳೆ ಮುರಿದುಕೊಳ್ಳುವವರನ್ನೇ ಹುಡುಕಿ ತಂದು ನನಗೆ ಗಂಟುಹಾಕಿದ ಎನ್ನುವುದು ಬೇರೆ ಮಾತು. ನನ್ನ ಆಸೆ ಇಷ್ಟೇ: ಅದೇ ತಿರುವಿನಿಂದ ಮುಂದಿನ ಸೀಟಿನಲ್ಲಿ ಕೂತು ಬರಬೇಕು, ಅದೇ ಜಗಲಿಯ ಮೇಲಿಂದ ಅಪ್ಪ ನೋಡಬೇಕು. ವಾಪಸ್ಸು ಬರುವಾಗ ತವರು ದಾರಿಯಲ್ಲೇ ಸಿಗುತ್ತಿತ್ತು.

ಹುಳು ಹಣ್ಣಾಗಿ ಗೂಡು ಕಟ್ಟಿ, ಆ ಗೂಡನ್ನು ಮಾರಿದ ಮೇಲೆ ಹುಳುಮನೆ ತೊಳೆದು ಔಷಧಿ ಹೊಡೆದು ಬಾಗಿಲು ಮುಚ್ಚುತ್ತೇವೆ. ಮುಂದಿನ ಬೆಳೆಯ ಎಳೇ ಹುಳು ಬರುವ ತನಕ ಒಂಬತ್ತು ದಿನ ಬಿಡುವು. ನಮ್ಮ ಮದುವೆಯಾದಾಗಿನಿಂದ ಇಬ್ಬರೂ ಒಟ್ಟಿಗೆ ದಿನಗಟ್ಟಲೆ ಮನೆ ಬಿಟ್ಟು ಹೊರಟದ್ದು ಅದೇ ಮೊದಲು. ಮಕ್ಕಳನ್ನಾದರೂ ಅಜ್ಜಿ ಮನೆಗೆ ಬಿಡಬಹುದು, ಹುಳುವನ್ನು ಯಾರ ಮನೆಗೆ ಬಿಡುತ್ತೀರಿ?

ಸಮುದ್ರ ಇರುವುದು ಪಡುವಣಕ್ಕೆ. ನಾವು ಹೊರಟದ್ದು ಮೂಡಣಕ್ಕೆ, ಚಿಂತಾಮಣಿಗೆ. ಅಲ್ಲಿ ನಮ್ಮವರ ಅಕ್ಕ ಇದ್ದಾರೆ. "ಅಷ್ಟು ದೂರ ಹೊರಟವರು ನಮ್ಮನೇಲಿ ಅರಿಶಿನ ಕುಂಕುಮ ತಗೊಳ್ದೆ ಹೋದ್ರೆ ಏಳ್ಗೆ ಆಗ್ತದಾ?" ಎಂದು ಅತ್ತಿಗೆ ಫೋನಿನಲ್ಲೇ ಗದರಿದ್ದರು. ಚಿಂತಾಮಣಿಯ ಹೊರಗಿನ ಟೀ ಅಂಗಡಿಯ ಹತ್ತಿರ ಸೀಟು ಬದಲಿಸಿದೆವು. ಟೊಮೆಟೊ ಲಾರಿಯವನೊಬ್ಬ ಟೀ ಲೋಟ ಹಿಡಿದು ನೋಡುತ್ತಿದ್ದ. "ಏಮಮ್ಮಾ, ಡ್ರೈವರ್ನಿ ಮಾರ್ಚೇಸ್ತಿವಾ?" ಎಂದು ತೆಲುಗಿನಲ್ಲಿ ನಕ್ಕ. ಡ್ರೈವರನ್ನ ಬದಲಾಯಿಸ್ಬಿಟ್ಯಾ ಅಂತ. ನಮ್ಮವರು ಕೇಳಿಸದವರ ಹಾಗೆ ಮೀಸೆ ಸರಿಮಾಡಿಕೊಂಡು ಗಾಡಿ ಎತ್ತಿದರು. ಇಪ್ಪತ್ತರ ವೇಗದಲ್ಲಿ ರಾಜಗಾಂಭೀರ್ಯದಿಂದ ಅಕ್ಕನ ಬೀದಿ ಹೊಕ್ಕೆವು.

ಅತ್ತಿಗೆಯ ಮನೆಯಲ್ಲೂ ಹುಳು ಸಾಕುತ್ತಾರೆ. ಹುಳು ಸಾಕುವವರು ಬಂದವರ ಮುಖ ನೋಡುವುದಿಲ್ಲ, ಮೊದಲು ಕಾಲು ನೋಡುತ್ತಾರೆ. ಯಾರ ತೋಟದ ರೋಗ ಯಾರ ಚಪ್ಪಲಿಯಲ್ಲಿ ಬರುತ್ತದೋ ಎಂಬ ಭಯ. ನಾವು ಬಾಗಿಲಾಚೆ ಬಿಟ್ಟ ಶೂಗಳನ್ನು ಅತ್ತಿಗೆ ಸ್ವಲ್ಪ ಹೊತ್ತು ನೋಡಿದರು. ಪ್ರವಾಸಕ್ಕೆಂದೇ ಬಿಳಿ ಕ್ಯಾನ್ವಾಸ್ ಶೂ ಕೊಂಡಿದ್ದೆ. ಅಭ್ಯಾಸಕ್ಕೆ ನಾಲ್ಕು ದಿನ ಹಾಕಿದ್ದಕ್ಕೇ ಎಡಗಾಲಿನದರ ಮೇಲೆ ಒಂದು ಕಪ್ಪು ಗುರುತು ಬಿದ್ದು, ಹಲ್ಲುಪುಡಿ ಹಾಕಿ ತಿಕ್ಕಿದರೂ ಹೋಗಿರಲಿಲ್ಲ.

"ಶೂ ಚೆನ್ನಾಗಿದೆ ಕಣಮ್ಮ," ಅಂದರು ಅತ್ತಿಗೆ. ಅಷ್ಟೇ. ಮಡಿಲಿಗೆ ತೆಂಗಿನಕಾಯಿ, ರವಿಕೆ ಬಟ್ಟೆ ಕೊಟ್ಟು ಕಳಿಸಿದರು.

ಚಿಕ್ಕಬಳ್ಳಾಪುರದಲ್ಲಿ ನಮ್ಮವರ ಚಿಕ್ಕಪ್ಪನ ಮನೆ. ಅಲ್ಲೂ ಊರ ಹೊರಗೆ ಸೀಟು ಬದಲು, ಅಲ್ಲೂ ತೆಂಗಿನಕಾಯಿ. ಚಿಕ್ಕಪ್ಪ ಗೇಟಿನಲ್ಲೇ ನಿಂತು, "ಏನಪ್ಪಾ ನಿನ್ನ ಡ್ರೈವಿಂಗು! ಹೊಟ್ಟೆನೀರು ಅಲುಗಾಡ್ದಂಗೆ ಕರ್ಕೊಂಬಂದಿದ್ದೀಯ!" ಎಂದು ಹೊಗಳಿದರು. ಊಟದ ಹೊತ್ತಿನಲ್ಲಿ ಮತ್ತೆ ಹೊಗಳಿದರು. ಕೈ ತೊಳೆಯುವಾಗ ಇನ್ನೊಮ್ಮೆ. ನಮ್ಮವರು ಪೂರಿಯ ಹಾಗೆ ಉಬ್ಬಿದರು. "ತಿರುವಿನಲ್ಲಿ ಗಾಡೀನ ದೇಹದಿಂದ ಬಗ್ಗಿಸ್ಬೇಕು ಚಿಕ್ಕಪ್ಪ, ಕೈಯಿಂದಲ್ಲ," ಎಂದು ಪಾಠವನ್ನೂ ಹೇಳಿದರು. ನಾನು ತೋಟದಲ್ಲಿ ಕಲಿಯುವಾಗ ಅವರಿಗೆ ಹೇಳಿದ್ದ ಮಾತು ಅದು. ಚಿಕ್ಕಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ಅಡುಗೆಮನೆಗೆ ಓಡಿದರು. ಹೊಗೆ ಇರಬೇಕು ಅಂದುಕೊಂಡೆ. ಅವರ ಮನೆಯಲ್ಲಿ ಗ್ಯಾಸ್ ಒಲೆ ಇದೆ ಎನ್ನುವುದು ತುಮಕೂರು ದಾಟಿದ ಮೇಲೆ ಹೊಳೆಯಿತು.

ತುಮಕೂರಿನಾಚೆ ನಮಗೆ ನೆಂಟರಿಲ್ಲ. ಅಯ್ಯೋ, ಆ ಸುಖವನ್ನು ಹೇಗೆ ಹೇಳಲಿ! ಮೂರು ದಿನ ಗಾಡಿ ನನ್ನದೇ. ಲಾರಿ ಹಿಂದಿಕ್ಕಿದೆ, ಮಳೆಯಲ್ಲಿ ನೆನೆದೆ, ಘಟ್ಟ ಇಳಿದೆ. ಹಿಂದಿನಿಂದ ಪ್ರತಿ ತಿರುವಿಗೂ "ನಿಧಾನ, ನಿಧಾನ ಕಣೇ" ಎಂಬ ಮಂತ್ರ ನಡೆದೇ ಇತ್ತು. ಹಿಂದೆ ಕೂತವರಿಗೆ ರಸ್ತೆ ಹೆಚ್ಚು ಚೆನ್ನಾಗಿ ಕಾಣುತ್ತದೆ, ಇದು ನಾನು ಕಲಿತ ಪಾಠ. ಇಪ್ಪತ್ತು ವರ್ಷ ಹಿಂದಿನ ಸೀಟಿನಲ್ಲಿ ಕೂತಿದ್ದಾಗ ನನಗೂ ಹಾಗೇ ಕಾಣುತ್ತಿತ್ತು, ಹೇಳುವ ಅಧಿಕಾರ ಇರಲಿಲ್ಲ ಅಷ್ಟೇ. ಲಾಡ್ಜಿನಲ್ಲಿ ಬೆಳಿಗ್ಗೆ ಐದಕ್ಕೇ ಇಬ್ಬರಿಗೂ ಎಚ್ಚರವಾಗಿ, ಸೊಪ್ಪು ಹಾಕಲು ಹುಳುವಿಲ್ಲದೆ ಮಂಚದ ಮೇಲೆ ಸುಮ್ಮನೆ ಕೂರುತ್ತಿದ್ದೆವು. ಹೊತ್ತು ತಂದ ಕಾಯಿಗಳ ಜೊತೆ ತೆಂಗಿನ ತೋಟಗಳ ನಡುವೆ ಹಾದು ಹೊನ್ನಾವರದ ಹತ್ತಿರ ಕಡಲಿಗೆ ಬಂದೆವು.

ಸಮುದ್ರ ದೊಡ್ಡದಾಗಿತ್ತು. ಅದನ್ನು ನೋಡಿ ನನಗೆ ಅಳು ಬಂತು, ಯಾಕೆಂದು ಗೊತ್ತಿಲ್ಲ. ಅಷ್ಟು ದೂರ ಬಂದುಬಿಟ್ಟೆನಲ್ಲ ಎನ್ನುವುದೇ ಇರಬೇಕು. ನಮ್ಮವರು ಪ್ಯಾಂಟು ಮಡಚಿ ಅಲೆಯಲ್ಲಿ ಸ್ವಲ್ಪ ಹೊತ್ತು ನಿಂತು, "ಹುಳುಮನೆ ಕಿಟಕಿ ಹಾಕಿದ್ವಾ?" ಎಂದು ಕೇಳಿದರು. ಆಮೇಲೆ ದಡದಲ್ಲಿದ್ದ ಯಾರ ಕೈಗೋ ಫೋನು ಕೊಟ್ಟು, ತಾವು ಮುಂದೆ ಹ್ಯಾಂಡಲ್ ಹಿಡಿದು, ನನ್ನನ್ನು ಹಿಂದೆ ಕೂರಿಸಿಕೊಂಡು ಫೋಟೋ ತೆಗೆಸಿದರು. ನೆಂಟರ ಗ್ರೂಪಿಗೆ ಕಳಿಸಿದರು. ಕೆಳಗೆ ಬರೆದಿದ್ದರು: "ಕೊಟ್ಟ ಮಾತು ಉಳಿಸಿಕೊಂಡೆ."

ನನಗೆ ಮೈಯೆಲ್ಲ ಉರಿಯಿತು. "ನೋಡ್ರೀ, ಯಾರಿಗೆ ಬೇಕಾದ್ರೂ ಈ ನಾಟಕ ತೋರಿಸ್ಕೊಳ್ಳಿ. ನಮ್ಮಪ್ಪನ ಮುಂದೆ ಮಾತ್ರ ಗಾಡಿ ನಾನೇ ಓಡ್ಸೋದು."

"ಬೇರೆ ಎಲ್ಲಾದ್ರೂ ಸರಿ ಕಣೇ. ಮಾವನ ಮುಂದೆ ಬೇಡ. ನಾನು ಅಳಿಯ."

"ನಾನು ಮಗಳು."

ಈ ಎರಡು ಮಾತನ್ನೇ ತಿರುಗಾಮುರುಗಾ ಆಡುತ್ತ ಶಿವಮೊಗ್ಗ, ತುಮಕೂರು, ಮಧುಗಿರಿ ದಾಟಿದೆವು. ಗೌರಿಬಿದನೂರು ದಾಟಿ ಅಲೀಪುರದಲ್ಲಿ ಟೀಗೆ ನಿಲ್ಲಿಸಿದಾಗ ಅಂಗಡಿಯ ಹಿರಿಯರು ಗಾಡಿಯನ್ನೂ ನನ್ನನ್ನೂ ನೋಡಿ ನಮ್ಮವರಿಗೆ ಹೇಳಿದರು: "ನಸೀಬ್ದಾರ್ ನೀವು ಸಾಬ್. ಹಿಂದೆ ಕೂತು ಊರೆಲ್ಲ ನೋಡ್ಕೊಂಡು ಬರ್ಬೋದು." ನಮ್ಮವರು ನಗಲಿಲ್ಲ. ಟೀಯನ್ನೂ ಪೂರ್ತಿ ಕುಡಿಯಲಿಲ್ಲ.

ಹುಣಸೆಮರ ಬಂತು. ನಾನು ನಿಲ್ಲಿಸುವುದಿಲ್ಲ ಅಂತಲೇ ಇದ್ದೆ. ಹಿಂದಿನಿಂದ ನನ್ನ ಭುಜದ ಮೇಲೆ ಕೈ ಬಿತ್ತು. ಆ ಕೈ ನಡುಗುತ್ತಿತ್ತು, ನಾವು ಹೋಗುತ್ತಿದ್ದದ್ದು ಮೂವತ್ತರಲ್ಲಿ. "ಇದೊಂದ್ಸಲ ಕಣೇ," ಅಂದರು. ಅಷ್ಟೇ ಅಂದದ್ದು. ಜಗಳವಾಡಿದ್ದರೆ ಗೆಲ್ಲುತ್ತಿದ್ದೆ. ನಿಲ್ಲಿಸಿದೆ, ಇಳಿದೆ, ಹಿಂದೆ ಹೋಗಿ ಕೂತೆ. ಅಯ್ಯೋ ನನ್ನ ಹಣೆಬರಹವೇ ಅಂದುಕೊಂಡೆ.

ಅಪ್ಪ ಜಗಲಿಯ ಮೇಲೇ ಇದ್ದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಹೊಸ ಕನ್ನಡಕ. ಮದುವೆಗೆ ಹೊರಟವನ ಹಾಗಿದ್ದ. ಪಕ್ಕದ ಮನೆಗಳ ಬಾಗಿಲಲ್ಲೂ ನಾಲ್ಕಾರು ಜನ ನಿಂತಿದ್ದರು. ಗಾಡಿ ನಿಂತಿತು. ಅಪ್ಪ ಅಳಿಯನನ್ನು ನೋಡಿದ, ಹಿಂದಿನಿಂದ ಇಳಿದ ನನ್ನನ್ನು ನೋಡಿದ. ಕೆಳಗಿಳಿದು ಬಂದು ಬಗ್ಗಿ ನನ್ನ ಎಡಗಾಲಿನ ಶೂ ನೋಡಿದ.

"ಗುರುತು ಇಲ್ಲೇ ಇದ್ಯಲ್ಲಮ್ಮ," ಅಂದ.

"ಯಾವ ಗುರುತಪ್ಪ?"

"ಗೇರ್ ಹಾಕೋ ಗುರುತು. ಚಿಂತಾಮಣಿಯಿಂದ ನಿಮ್ಮತ್ತಿಗೆ ಅವತ್ತೇ ಫೋನ್ ಮಾಡಿದ್ರು. ನಿಮ್ಮ ಮಗಳ ಶೂ ಮೇಲೆ ಗುರುತಿದೆ, ನಮ್ಮ ತಮ್ಮನ ಶೂ ಥಳಥಳ ಅಂತಿದೆ, ಓಡಿಸ್ತಿರೋದು ಅವಳೇ ಅಂತ."

ನಮ್ಮವರು ಗಾಡಿಯ ಮೇಲೆ ಕೂತಲ್ಲೇ ಕೇಳಿದರು: "ಹಂಗಾದ್ರೆ... ಚಿಕ್ಕಪ್ಪನಿಗೂ ಗೊತ್ತಿತ್ತಾ ಮಾವ?"

"ಎಲ್ರಿಗೂ ಗೊತ್ತು ಅಳಿಯಂದ್ರೆ. ನಿಮ್ಮ ಮನ್ಸಿಗೆ ನೋವಾಗ್ಬಾರ್ದು ಅಂತ ಸುಮ್ನಿದ್ವಿ." ಹಾಗೆಂದು ಅಪ್ಪ ನನ್ನ ಕಡೆ ತಿರುಗಿದ. "ನಾನು ನಿನ್ನೆಯಿಂದ ಈ ಜಗಲಿ ಬಿಟ್ಟು ಎದ್ದಿಲ್ಲ. ನೀನು ಓಡಿಸ್ಕೊಂಡು ಬರೋದು ನೋಡಣ ಅಂತ ಬೀದಿಗೆಲ್ಲ ಹೇಳಿದ್ದೆ. ಹಿಂದ್ಗಡೆ ಯಾಕಮ್ಮ ಕೂತ್ಕೊಂಡು ಬಂದೆ?"

ಉತ್ತರ ಕೊಟ್ಟವರು ನಮ್ಮವರು. "ನನ್ನ ಮಾನ ಉಳಿಸಕ್ಕೆ ಮಾವ," ಅಂದರು. ಬೀದಿಗೆಲ್ಲ ಕೇಳುವ ಹಾಗೇ ಅಂದರು, ಅವತ್ತು ಪಂಕ್ತಿಯಲ್ಲಿ ಅಂದ ಹಾಗೆ. ಗಾಡಿಯಿಂದ ಇಳಿದು ಕೀಲಿಯನ್ನು ನನ್ನ ಕೈಗಿಟ್ಟರು. "ಹೋಗು, ಮರದ ಹತ್ರ ತಿರುಗಿಸ್ಕೊಂಡು ಬಾ." ಶೂ ಬಿಚ್ಚಿಟ್ಟು ಜಗಲಿಯ ಮೇಲೆ ಅಪ್ಪನ ಪಕ್ಕಕ್ಕೆ ಹೋಗಿ ಕೂತರು.

ಹೋದೆ. ಹುಣಸೆಮರದ ಕೆಳಗೆ ಗಾಡಿ ತಿರುಗಿಸಿದೆ. ಗೇರ್ ಹಾಕಿ ಬಂದೆ. ದೂರದಿಂದ ಜಗಲಿ ಕಾಣಿಸಿತು. ಮಾವ ಅಳಿಯ ಇಬ್ಬರೂ ಪಕ್ಕಪಕ್ಕ ಕೂತಿದ್ದರು. ಅಪ್ಪ ಕನ್ನಡಕ ತೆಗೆದು ಪಂಚೆಯಿಂದ ಒರೆಸಿ ಮತ್ತೆ ಹಾಕಿಕೊಂಡ. ಬಾಗಿಲಲ್ಲಿ ತಂದು ನಿಲ್ಲಿಸಿದೆ.

ಅಪ್ಪ ಎದ್ದು ಜಗಲಿಯ ಅಂಚಿಗೆ ಬಂದ.

"ತಿರುವಲ್ಲಿ ಹಾರನ್ ಹೊಡೀಲಿಲ್ಲ ನೀನು," ಅಂದ. "ಇನ್ನೊಂದ್ಸಲ ಹೋಗ್ಬಾ."